ಪಾದ್ರಿಗಳ ಕೊರಳಲ್ಲಿರೋ ಆ ಬಿಳಿ ಪಟ್ಟಿಗೆ ಏನಂತಾರೆ? ಕಾಲರ್ ಪದಗಳ ಒಳಗಿನ ಅರ್ಥ

2025ರ ಮೇ 8ನೇ ತಾರೀಕು ಹೊಸ ಪೋಪ್ ಹದಿನಾಲ್ಕನೇ ಲಿಯೋ ವ್ಯಾಟಿಕನ್ನಿನ ಬಾಲ್ಕನಿಗೆ ಬಂದು ಕೈ ಬೀಸಿದ್ರಲ್ಲ, ಆವತ್ತು ತುಂಬಾ ಜನರ ಕಣ್ಣು ಹೋಗಿದ್ದು ಅವರ ಹೆಗಲ ಮೇಲಿದ್ದ ಕೆಂಪು ಬಟ್ಟೆ ಮತ್ತು ಕೊರಳಿಂದ ಇಳಿಬಿದ್ದಿದ್ದ ಕಸೂತಿ ಪಟ್ಟಿ ಕಡೆಗೆ. 2013ರಲ್ಲಿ ಫ್ರಾನ್ಸಿಸ್ ಅದೇ ಬಾಲ್ಕನಿಗೆ ಬಂದಾಗ ಆ ಕೆಂಪು ಮೇಲಂಗಿ ಹಾಕಿರಲೇ ಇಲ್ಲ, ಪಟ್ಟಿಯನ್ನ ಕೂಡ ಆಶೀರ್ವಾದ ಮಾಡೋ ಹೊತ್ತಿಗೆ ಮಾತ್ರ ಕೊರಳಿಗೆ ಹಾಕ್ಕೊಂಡು ಆಮೇಲೆ ತೆಗೆದುಬಿಟ್ರು. ಅದೇ 2025ರ ಅಕ್ಟೋಬರಲ್ಲಿ ಸಾರಾ ಮುಲ್ಲಾಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ (ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಬಿಷಪ್) ಅಂತ ಹೆಸರಾದಾಗ ಇನ್ನೊಂದು ಥರದ ಕೊರಳಪಟ್ಟಿ ಎಲ್ಲರ ಫೋನಲ್ಲಿ ಓಡಾಡ್ತು.

ಇವೆಲ್ಲವನ್ನೂ ನಾವು ಒಂದೋ ಕಾಲರ್ ಅಂತೀವಿ ಇಲ್ಲಾ ಶಾಲು ಅಂತೀವಿ, ಮುಗೀತು. ಆದ್ರೆ ಒಂದೊಂದಕ್ಕೂ ಬೇರೆ ಹೆಸರಿದೆ, ಆ ಹೆಸರುಗಳನ್ನ ಬಿಡಿಸಿ ನೋಡಿದ್ರೆ ಒಳಗಡೆ ದೊಡ್ಡ ದೇವರ ವಿಷಯ ಏನೂ ಇರಲ್ಲ. ಕತ್ತು, ಗಂಟಲು, ಮಡಚಿದ್ದು, ಸುತ್ತಿದ್ದು, ಹಕ್ಕಿ ಗಂಟಲಿನ ಚೀಲ, ಇಂಥವೇ ಸಿಗ್ತವೆ. ಹಾಗಾಗಿ ಪದದಿಂದಲೇ ಶುರು ಮಾಡೋಣ.

## ಕಾಲರ್ ಅಂದ್ರೆ ಕೊರಳಿಂದು, ಅಷ್ಟೇ

ಲ್ಯಾಟಿನ್ನಲ್ಲಿ ಕತ್ತಿಗೆ ಕೊಲ್ಲುಮ್ ಅಂತಾರೆ. ಅದರಿಂದ ಕೊಲ್ಲಾರೆ, ಅಂದ್ರೆ ಕತ್ತಿಗೆ ಹಾಕೋದು. ಅದು ಹಳೇ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಕಾಲರ್ ಆಯ್ತು. ನಾವು ಕೊರಳಪಟ್ಟಿ ಅಂತೀವಲ್ಲ, ಕೊರಳಪಟ್ಟಿ ಹಿಡಿದು ಕೇಳಿದ ಅಂತೀವಲ್ಲ, ಸೇಮ್ ಲೆಕ್ಕ, ದೇಹದ ಯಾವ ಜಾಗಕ್ಕೆ ಹಾಕ್ತೀವೋ ಅದೇ ಬಟ್ಟೆಯ ಹೆಸರು.

ಇಲ್ಲೊಂದು ಮಾತು ಹೇಳಿಬಿಡ್ತೀನಿ, ಯಾಕಂದ್ರೆ ಯಾರಾದ್ರೂ ಕೇಳೇ ಕೇಳ್ತಾರೆ. ಕೊರಳು, ಕೊಲ್ಲುಮ್, ಕಾಲರ್, ಕೇಳೋಕೆ ಒಂದೇ ಥರ ಇದೆ, ಹಾಗಾದ್ರೆ ಒಂದೇ ಮೂಲನಾ? ಇಲ್ಲ. ನಮ್ಮ ಕೊರಳು ದ್ರಾವಿಡ ಪದ, ತಮಿಳಿನ ಕುರಲ್ ಅದರ ನೆಂಟ, ಅಲ್ಲಿ ಅದಕ್ಕೆ ದನಿ ಅನ್ನೋ ಅರ್ಥ, ನಮ್ಮಲ್ಲೂ ಕೊರಳು ಅಂದ್ರೆ ಕತ್ತೂ ಹೌದು ದನಿಯೂ ಹೌದು. ಲ್ಯಾಟಿನ್ ಪದದ ಜೊತೆ ಸದ್ದು ಹೊಂದಿಕೊಂಡಿರೋದು ಬರೀ ಕಾಕತಾಳೀಯ.

ಕೊಲ್ಲುಮ್‌ನ ನಿಜವಾದ ನೆಂಟರು ಬೇರೆ ಕಡೆ ಇದಾರೆ. ಕತ್ತು ಒಂದು ಕಡೆ ತಿರುಚಿಕೊಂಡು ನಿಂತುಬಿಟ್ರೆ ಡಾಕ್ಟರ್ ಟಾರ್ಟಿಕಾಲಿಸ್ ಅಂತ ಬರೀತಾರಲ್ಲ, ಅದು ತಿರುಚಿದ ಕತ್ತು. ಯಾರಿಗಾದ್ರೂ ಮೆಚ್ಚುಗೆ ಸಿಕ್ಕಾಗ ಇಂಗ್ಲಿಷಲ್ಲಿ ಅಕೊಲೇಡ್ ಅಂತಾರೆ, ಅದು ಮೂಲದಲ್ಲಿ ಕೊರಳು ಬಳಸಿ ಅಪ್ಪಿಕೊಳ್ಳೋದು, ಯೋಧನಿಗೆ ನೈಟ್ ಪದವಿ ಕೊಡುವಾಗ ಹಾಗೆ ಮಾಡ್ತಿದ್ರು. ಫ್ರೆಂಚಲ್ಲಿ ಕೊಲ್ ಅಂದ್ರೆ ಅಂಗಿಯ ಕಾಲರೂ ಹೌದು, ಎರಡು ಬೆಟ್ಟಗಳ ನಡುವಿನ ಕಣಿವೆ ದಾರಿಯೂ ಹೌದು, ಸೈಕಲ್ ರೇಸ್ ನೋಡೋರಿಗೆ ಈ ಪದ ಗೊತ್ತಿರುತ್ತೆ. ಬೆಟ್ಟದ ಕತ್ತು ಅಂತ ಅಂದ್ಕೊಳ್ಳಿ.

ಫ್ರೆಂಚಲ್ಲೇ ಕೊಲೆ ಅಂತ ಇನ್ನೊಂದು ಪದ ಇದೆ (ನಮ್ಮ ಕೊಲೆ ಅಲ್ಲ, ಗಾಬರಿ ಬೇಡ), ಪುಟ್ಟ ಕಾಲರ್ ಅಂತ. ಹಿಂದೆ ಪಾದ್ರಿಗಳು ಹಾಕ್ತಿದ್ದ ಚಿಕ್ಕ ಕಾಲರಿಗೆ ಪೆತಿ ಕೊಲೆ ಅಂತಿದ್ರು, ಆ ಪುಟ್ಟ ಕಾಲರ್ ಹಾಕ್ಕೊಂಡ ಅಂದ್ರೆ ಪಾದ್ರಿಯಾದ ಅಂತ ಅರ್ಥ. ಕೊಲೆ ಮೊಂತೆ, ಅಂದ್ರೆ ಕಾಲರ್ ಏರಿಸಿದವನು, ಅಂದ್ರೆ ಬಹಳ ಮಡಿವಂತಿಕೆ ಮಾಡೋನು, ಬಿಗುಮಾನದೋನು. ನಮ್ಮಲ್ಲಿ ಕಾಲರ್ ಎತ್ತಿಕೊಂಡು ಓಡಾಡ್ತಾನೆ ಅಂದ್ರೆ ಜಂಬ, ಪೊಗರು. ಎರಡು ಭಾಷೇಲೂ ಕಾಲರ್ ಮೇಲೇರಿದೆ, ಬೈಗುಳ ಮಾತ್ರ ಬೇರೆ ಬೇರೆಯವರಿಗೆ.

## ಜರ್ಮನ್ನರ ಕತ್ತು, ಫ್ರೆಂಚರ ಹಕ್ಕಿ

ಜರ್ಮನ್ ಭಾಷೇಲಿ ಕಾಲರಿಗೆ ಕ್ರಾಗೆನ್. ಇದು ಲ್ಯಾಟಿನ್ನಿಂದ ಬಂದಿದ್ದಲ್ಲ, ಅವರದ್ದೇ ಹಳೇ ಪದ, ಮೊದಲು ಇದರ ಅರ್ಥ ಕತ್ತು ಅಥವಾ ಗಂಟಲು ಅಂತಲೇ ಇತ್ತು, ಆಮೇಲೆ ಕತ್ತಿನ ಬಟ್ಟೆಗೆ ಜಾರಿಕೊಂಡ್ತು. ಹಳೇ ಅರ್ಥ ಪೂರ್ತಿ ಸತ್ತಿಲ್ಲ. ಪ್ರಾಣಕ್ಕೇ ಸಂಚಕಾರ ಬಂದಿದೆ ಅನ್ನೋಕೆ ಅವರು ತಲೆ ಮತ್ತು ಕ್ರಾಗೆನ್ ಪಣಕ್ಕಿದೆ ಅಂತಾರೆ, ಅಲ್ಲಿ ಕಾಲರ್ ಅಂತ ಓದಿದ್ರೆ ಅರ್ಥವೇ ಆಗಲ್ಲ, ಕತ್ತು ಅಂತ ಓದಿದ್ರೆ ಸರಿಹೋಗುತ್ತೆ. ಜಿಪುಣನಿಗೆ ಗೈಟ್ಸ್‌ಕ್ರಾಗೆನ್ ಅಂತ ಬೈತಾರೆ, ಅಂದ್ರೆ ದುರಾಸೆಯ ಗಂಟಲು. ಇಂಗ್ಲಿಷಲ್ಲಿ ಇದೇ ಪದದ ದಾಯಾದಿ ಕ್ರಾ, ಹಕ್ಕಿಗಳ ಗಂಟಲಲ್ಲಿ ಕಾಳು ತುಂಬಿಟ್ಟುಕೊಳ್ಳೋ ಚೀಲ ಇರುತ್ತಲ್ಲ, ಅದು.

ಮಜಾ ಅಂದ್ರೆ ಫ್ರೆಂಚರು ಬೇರೆ ಪದ ಹಿಡ್ಕೊಂಡು ಅದೇ ಚೀಲಕ್ಕೆ ಬಂದು ಮುಟ್ಟಿದಾರೆ. ಝಾಬೊ ಅಂತ ಒಂದು ಕೊರಳ ಅಲಂಕಾರ ಇದೆ, ಅಂಗಿಯ ಎದೆ ಮೇಲೆ ಇಳಿಬಿಡೋ ನೆರಿಗೆ ನೆರಿಗೆಯ ಲೇಸು, ಕೆಲವು ದೇಶಗಳ ಜಡ್ಜುಗಳು ಇವತ್ತಿಗೂ ಹಾಕ್ತಾರೆ, ಅಮೆರಿಕದ ಸುಪ್ರೀಂ ಕೋರ್ಟಿನ ಜಡ್ಜ್ ಆಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಫೋಟೋ ನೋಡಿದೋರಿಗೆ ಗೊತ್ತಿರುತ್ತೆ. ಝಾಬೊ ಅಂದ್ರೆ ಮೊದಲ ಅರ್ಥ ಹಕ್ಕಿಯ ಗಂಟಲ ಚೀಲ. ಕಾಳು ತಿಂದ ಪಾರಿವಾಳದ ಎದೆ ಮುಂದಕ್ಕೆ ಉಬ್ಬಿರುತ್ತಲ್ಲ, ಅಂಗಿ ಮೇಲಿನ ಲೇಸೂ ಹಂಗೇ ಉಬ್ಬಿರುತ್ತೆ, ಯಾರೋ ಒಬ್ಬ ತಮಾಷೆಗೆ ಹೋಲಿಸಿರಬೇಕು, ಹೆಸರು ಅಂಟಿಕೊಂಡುಬಿಡ್ತು.

ಸ್ಪೇನಲ್ಲೂ ಇಂಥದ್ದೇ. ಗೋಲಾ ಅಂದ್ರೆ ಗಂಟಲು, ಗೋಲಿಯಾ ಅಂದ್ರೆ ಪುಟ್ಟ ಗಂಟಲು, ಅದು 1600ರ ಹೊತ್ತಿನ ಒಂದು ಗಟ್ಟಿ ಕಾಲರಿನ ಹೆಸರು. 1623ರಲ್ಲಿ ರಾಜ ನಾಲ್ಕನೇ ಫಿಲಿಪ್ ದುಬಾರಿ ನೆರಿಗೆ ಕಾಲರುಗಳನ್ನ ನಿಷೇಧ ಮಾಡಿದ ಮೇಲೆ ಇದು ಚಾಲ್ತಿಗೆ ಬಂತು.

## ಆ ಬಿಳಿ ಪಟ್ಟಿ ಹೇಗೆ ನಿಲ್ಲುತ್ತೆ

ಈಗ ಎಲ್ಲರಿಗೂ ಪರಿಚಯ ಇರೋದಕ್ಕೆ ಬರೋಣ. ಕರಿ ಅಂಗಿ, ಗಂಟಲ ಹತ್ರ ಒಂದು ಚೌಕದಷ್ಟು ಬಿಳಿ. ಇದರಲ್ಲಿ ಎರಡು ಜಾತಿ.

ಒಂದು ಟ್ಯಾಬ್. ಅಂಗಿಯ ನಿಂತ ಕಾಲರಿನೊಳಗೆ ಎರಡೂ ಕಡೆ ಸಂದು ಹೊಲಿದಿರ್ತಾರೆ, ಪೆಟ್ಟಿಕೋಟಿಗೆ ಲಾಡಿ ಪೋಣಿಸೋ ನೇಫಾ ಇರುತ್ತಲ್ಲ ಹಂಗೆ ಅಂದ್ಕೊಳ್ಳಿ, ಅದರೊಳಗೆ ಒಂದು ಬಿಳಿ ಪ್ಲಾಸ್ಟಿಕ್ ಪಟ್ಟಿ ತೂರಿಸ್ತಾರೆ. ಮುಂದೆ ಗಂಟಲ ಹತ್ರ ಅಂಗಿ ಬಟ್ಟೆ ಒಂಚೂರು ಬಿಟ್ಟಿರುತ್ತೆ, ಅಲ್ಲಿ ಮಾತ್ರ ಬಿಳಿ ಕಾಣ್ಸುತ್ತೆ. ಕೆಲಸ ಮುಗಿದ ಮೇಲೆ ಪಟ್ಟಿ ಎಳೆದು ಜೇಬಲ್ಲಿ ಇಟ್ಕೊಂಡ್ರೆ ಆಯ್ತು. ಪಟ್ಟಿ ಕಳೆದುಹೋದಾಗ ಪಾತ್ರೆ ತೊಳೆಯೋ ಲಿಕ್ವಿಡ್ಡಿನ ಖಾಲಿ ಬಾಟಲಿ ಕತ್ತರಿಸಿ ತೂರಿಸಿಕೊಳ್ಳೋದು ಇಂಗ್ಲೆಂಡಿನ ಪಾದ್ರಿಗಳ ಹಳೇ ಜೋಕೂ ಹೌದು, ಹಳೇ ಉಪಾಯವೂ ಹೌದು.

ಎರಡನೇದು ಪೂರ್ತಿ ಬಳೆ. ಬಿಳಿ ಕಾಲರ್ ಕತ್ತಿನ ಸುತ್ತ ಇಡೀ ಕಾಣ್ಸುತ್ತೆ, ಬಾಯಿ ಇರೋದು ಹಿಂದೆ, ಅಂಗಿಗೆ ಪುಟ್ಟ ಸ್ಟಡ್ ಬಟನ್ ಹಾಕಿ ಕಚ್ಚಿಸ್ತಾರೆ. ಮಾಮೂಲಿ ಅಂಗಿ ಕಾಲರ್ ಮುಂದೆ ತೆರೆದುಕೊಳ್ಳುತ್ತೆ, ಇದು ಹಿಂದೆ, ಹಾಗಾಗಿ ಕಾಲರನ್ನ ತಿರುಗಿಸಿ ಹಾಕ್ಕೊಂಡೋನು ಅಂತ ಪಾದ್ರಿಗಳನ್ನ ಚುಡಾಯಿಸೋದಿತ್ತು. ಕ್ಯಾಥೊಲಿಕರಲ್ಲಿ ಟ್ಯಾಬ್ ಜಾಸ್ತಿ, ಆಂಗ್ಲಿಕನ್ನರಲ್ಲಿ (ಇಂಗ್ಲೆಂಡಿನ ಚರ್ಚಿನ ಪಂಗಡ) ಬಳೆ ಜಾಸ್ತಿ ಅನ್ನಬಹುದು, ಆದ್ರೆ ಇಬ್ಬರೂ ಎರಡನ್ನೂ ಹಾಕ್ತಾರೆ, ಕಾಲರ್ ನೋಡಿ ಪಂಗಡ ಹೇಳೋಕೆ ಹೋದ್ರೆ ತಪ್ಪಾಗುತ್ತೆ. ಅಂಗಿಯ ಬಣ್ಣ ಸ್ವಲ್ಪ ಸಹಾಯ ಮಾಡುತ್ತೆ, ನೇರಳೆ ಅಂಗಿ ಇದ್ರೆ ಬಹುತೇಕ ಆಂಗ್ಲಿಕನ್ ಬಿಷಪ್.

ಹೆಸರುಗಳು ನೋಡಿ. ರೋಮನ್ ಕಾಲರ್ ಅಂತ ಒಂದು. ಇಟಾಲಿಯನ್ನಲ್ಲಿ ಕೊಲ್ಲಾರಿನೊ, ಪುಟ್ಟ ಕಾಲರ್. ಸ್ಪ್ಯಾನಿಷಲ್ಲಿ ಅಲ್ಸಾಕುಯೆಯೊ, ಪದಶಃ ಕತ್ತು ಎತ್ತಿಸೋದು, ಅಂಥ ಗಟ್ಟಿ ಪಟ್ಟಿ ಹಾಕ್ಕೊಂಡ್ರೆ ತಲೆ ಬಗ್ಗಿಸೋಕಾಗಲ್ಲ ಅನ್ನೋದು ಹೆಸರಲ್ಲೇ ಇದೆ. ಇಟಲಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಂಗ್ಲಿಷಿನ ಕ್ಲರ್ಜಿಮನ್ ಅನ್ನೋ ಪದ ತಗೊಂಡು ಅದನ್ನ ಬಟ್ಟೆಗೆ ಇಟ್ಟುಬಿಟ್ಟಿದಾರೆ. ಇಂಗ್ಲಿಷಲ್ಲಿ ಕ್ಲರ್ಜಿಮನ್ ಅಂದ್ರೆ ಪಾದ್ರಿ, ಇಟಾಲಿಯನ್ನಲ್ಲಿ ಕ್ಲರ್ಜಿಮನ್ ಹಾಕ್ಕೊಂಡು ಬಂದ್ರು ಅಂದ್ರೆ ನಿಲುವಂಗಿ ಬದಲು ಕೋಟು ಪ್ಯಾಂಟು ಕಾಲರ್ ಹಾಕ್ಕೊಂಡು ಬಂದ್ರು ಅಂತ. ಮನುಷ್ಯನ ಹೆಸರೇ ಬಟ್ಟೆ ಆಯ್ತು.

ಇನ್ನು ಬ್ರಿಟಿಷರ ಡಾಗ್ ಕಾಲರ್. 19ನೇ ಶತಮಾನದ ಆಡುಮಾತು, ಮೊದಲಿಗೆ ಗೇಲಿ, ಈಗ ಪಾದ್ರಿಗಳೇ ಆರಾಮಾಗಿ ಹೇಳ್ತಾರೆ, ಪೇಪರಲ್ಲೂ ಬರೀತಾರೆ, ಯಾರಿಗೂ ಬೇಜಾರಿಲ್ಲ. ಇದನ್ನ ಕನ್ನಡಕ್ಕೆ ತರೋಕೆ ಹೋದ್ರೆ ಕೈ ಕೊಡುತ್ತೆ. ಯಾಕಂದ್ರೆ ನಾಯಿ ಕತ್ತಿಗೆ ಹಾಕೋದಕ್ಕೆ ನಾವು ಕಾಲರ್ ಅನ್ನಲ್ಲ, ಬೆಲ್ಟ್ ಅಂತೀವಿ. ಇಂಗ್ಲಿಷಲ್ಲಿ ನಾಯಿದೂ ಕಾಲರ್ ಅಂಗಿದೂ ಕಾಲರ್, ಅದಕ್ಕೇ ತಮಾಷೆ ಹುಟ್ಟಿದ್ದು. ನಾಯಿ ಬೆಲ್ಟು ಅಂತ ಬರೆದ್ರೆ ಅಲ್ಲಿ ಉಳಿಯೋದು ಬೈಗುಳ ಮಾತ್ರ. ಪಾದ್ರಿ ಕಾಲರ್ ಅಂತ ಬರೆದುಬಿಡೋದೇ ವಾಸಿ.

## ಇದು ಶುರುವಾಗಿದ್ದು ಫ್ಯಾಶನ್ನಿಂದ

16ನೇ ಶತಮಾನದ ಕೊನೆ ಹೊತ್ತಿಗೆ ಯುರೋಪಿನ ಗಂಡಸರು ಒಳಅಂಗಿಯ ಬಿಳಿ ಕಾಲರನ್ನ ಮೇಲಂಗಿ ಮೇಲೆ ಮಡಚಿ ಇಳಿಬಿಡೋಕೆ ಶುರು ಮಾಡಿದ್ರು. ಪಾದ್ರಿಗಳೂ ಮಾಡಿದ್ರು, ಅವರೂ ಅದೇ ಊರಲ್ಲಿ ಅದೇ ದರ್ಜಿಗಳ ಹತ್ರ ಹೊಲಿಸ್ತಿದ್ದೋರು ತಾನೆ. ಇದು ಸರಿನಾ ಅಂತ ಚರ್ಚಿನೊಳಗೆ ವಾದ ಎದ್ದಿತು, ಆಮೇಲೆ ಅಂಚಿಗೆ ಲೇಸ್ ಹಾಕ್ಕೊಳ್ಳಬಹುದಾ ಅಂತ ಇನ್ನೊಂದು ವಾದ. ಇಟಲಿಯ ಹಲವು ಧರ್ಮಸಭೆಗಳು ಲೇಸು ಕಸೂತಿ ಬೇಡ ಅಂದವು, 1624ರಲ್ಲಿ ಪೋಪ್ ಎಂಟನೇ ಅರ್ಬನ್ ಕೂಡ ಅದನ್ನೇ ಹೇಳಿದ್ರು. ಅಲಂಕಾರ ಹೋಯ್ತು, ಸಾದಾ ಬಿಳಿ ಪಟ್ಟಿ ಉಳೀತು. ಆ ಪಟ್ಟಿಗೂ ಒಂದು ಕೆಲಸ ಇತ್ತು, ಕತ್ತಿನ ಬೆವರು ಕೊಳೆ ನಿಲುವಂಗಿಗೆ ಅಂಟದ ಹಾಗೆ ಕಾಯೋದು. ನಿಲುವಂಗಿ ದಿನಾ ಒಗೆಯೋಕಾಗಲ್ಲ, ಪಟ್ಟಿ ಒಗೀಬಹುದು.

ಮಿಕ್ಕ ಗಂಡಸರು ಆಮೇಲೆ ಬೇರೆ ಫ್ಯಾಶನ್ ಹಿಡಿದ್ರು. ಮುಖ್ಯವಾಗಿ ಕ್ರವಾಟ್, ಇವತ್ತಿನ ಟೈನ ಅಜ್ಜ. ಈ ಪದ ಕ್ರೊಯೇಷಿಯಾದವರು ತಮ್ಮನ್ನ ತಾವು ಕರ್ಕೊಳ್ಳೋ ಹ್ರವಾತ್ ಅನ್ನೋ ಹೆಸರಿಂದ ಬಂದಿದ್ದು, 17ನೇ ಶತಮಾನದಲ್ಲಿ ಫ್ರಾನ್ಸಿಗೆ ಬಂದ ಕ್ರೊಯೇಷಿಯನ್ ಕೂಲಿ ಸೈನಿಕರು ಕತ್ತಿಗೆ ಕಟ್ಟಿಕೊಳ್ತಿದ್ದ ಬಟ್ಟೆ ನೋಡಿ ಫ್ರೆಂಚರು ಮಾರುಹೋದ್ರು. ಅಂದ್ರೆ ಇವತ್ತು ಆಫೀಸಿಗೆ ಟೈ ಕಟ್ಟೋನು ಒಂದು ದೇಶದ ಹೆಸರನ್ನ ಕತ್ತಿಗೆ ಕಟ್ಕೊಂಡು ಹೋಗ್ತಿದಾನೆ. ಇಂಗ್ಲೆಂಡಿನ ಪಾದ್ರಿಗಳು ಕೂಡ 18, 19ನೇ ಶತಮಾನದಲ್ಲಿ ಬಹಳ ಕಾಲ ಬಿಳಿ ಕೊರಳವಸ್ತ್ರ ಕಟ್ಟಿಕೊಂಡೇ ಇದ್ರು, ಅದಕ್ಕೆ ವೈಟ್ ಚೋಕರ್ ಅಂತ ಅಡ್ಡಹೆಸರು, ಬಿಳಿ ಉರುಲು ಅನ್ನಬಹುದೇನೋ.

ನಾವು ಈಗ ನೋಡೋ ಬಿಚ್ಚಿ ಹಾಕೋ ಗಟ್ಟಿ ಕಾಲರ್ ಬಂದಿದ್ದು 19ನೇ ಶತಮಾನದಲ್ಲಿ. ಇದನ್ನ ಮೊದಲು ಮಾಡಿಸಿದ್ದು ಗ್ಲಾಸ್ಗೋದ ಡೊನಾಲ್ಡ್ ಮೆಕ್ಲೌಡ್ ಅನ್ನೋ ಪಾದ್ರಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಗಮನಿಸಿ, ಅವರು ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್, ಅಂದ್ರೆ ಪೋಪನ್ನ ಒಪ್ಪದ ಪ್ರೊಟೆಸ್ಟಂಟ್ ಪಂಗಡದವರು, ರೋಮಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಆದ್ರೂ ಹೆಸರು ಮಾತ್ರ ರೋಮನ್ ಕಾಲರ್. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು 1884ರಲ್ಲಿ ಬಾಲ್ಟಿಮೋರಿನ ಸಭೇಲಿ ಪಾದ್ರಿಗಳು ಮನೇಲೂ ಹೊರಗೂ ರೋಮನ್ ಕಾಲರ್ ಹಾಕಬೇಕು ಅಂತ ನಿಯಮ ಮಾಡಿದ್ರು, ಅಲ್ಲಿಂದ ಆ ಕಡೆ ಇದು ಗಟ್ಟಿಯಾಯ್ತು.

## ಬ್ಯಾಂಡ್ಸ್: ವಕೀಲರ ಕೊರಳಲ್ಲಿರೋದು ಇದೇ

ಕರಿ ಕೋಟಿನ ಮೇಲೆ ವಕೀಲರು ಹಾಕೋ ಎರಡು ಬಿಳಿ ನಾಲಿಗೆ ಥರದ ಪಟ್ಟಿ ನೋಡಿರ್ತೀರ. ಇಂಗ್ಲಿಷ್ ಕೋರ್ಟಿನ ಪದ್ಧತಿ ಹೋದ ಕಡೆಯೆಲ್ಲ ಅದೂ ಹೋಗಿದೆ. ಅದರ ಹೆಸರು ಬ್ಯಾಂಡ್ಸ್, ಅದನ್ನೇ ಪ್ರೊಟೆಸ್ಟಂಟ್ ಪಾದ್ರಿಗಳೂ ಹಾಕ್ತಾರೆ, ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಇದ್ದ ಊರಿನ ನೆನಪಿಗೆ ಜಿನೀವಾ ಬ್ಯಾಂಡ್ಸ್ ಅಂತಲೂ ಕರೀತಾರೆ.

ಬ್ಯಾಂಡ್ ಅಂದ್ರೆ ಬಿಗಿಯೋ ಪಟ್ಟಿ. ಇಂಗ್ಲಿಷಿನ ಬೈಂಡ್, ಬಾಂಡ್, ಸಂಸ್ಕೃತದಿಂದ ನಮಗೆ ಬಂದಿರೋ ಬಂಧ, ಬಂಧನ, ಎಲ್ಲ ಒಂದೇ ಹಳೇ ಬೇರಿನ ಚಿಗುರು. (ಕೊರಳು ಮತ್ತು ಕಾಲರ್ ಸಂಬಂಧ ಇಲ್ಲ ಅಂದಿದ್ದೆ, ಇಲ್ಲಿ ನಿಜವಾಗ್ಲೂ ಇದೆ.) 16, 17ನೇ ಶತಮಾನದಲ್ಲಿ ಇಂಗ್ಲೆಂಡಲ್ಲಿ ಕಾಲರಿಗೇ ಬ್ಯಾಂಡ್ ಅಂತಿದ್ರು. ಹೆಗಲ ಮೇಲೆ ಇಳಿಬಿದ್ರೆ ಫಾಲಿಂಗ್ ಬ್ಯಾಂಡ್. ಗಂಜಿ ಹಾಕಿ ಇಸ್ತ್ರಿ ಮಾಡಿದ ಬ್ಯಾಂಡುಗಳು ಮುದುರದ ಹಾಗೆ ಇಡೋಕೆ ಒಂದು ಹಗುರ ಡಬ್ಬಿ ಇರ್ತಿತ್ತು, ಬ್ಯಾಂಡ್‌ಬಾಕ್ಸ್, ಆ ಪದ ಇನ್ನೂ ಇದೆ, ಬ್ಯಾಂಡ್‌ಬಾಕ್ಸಿಂದ ಎದ್ದು ಬಂದಂಗಿದಾನೆ ಅಂದ್ರೆ ಟಿಪ್‌ಟಾಪಾಗಿದಾನೆ ಅಂತ.

ಅಗಲ ಕಾಲರ್ ಕಾಲ ಕಳೆದಂತೆ ಬದಿಯಲ್ಲಿ ಕಿರಿದಾಗ್ತಾ ಬಂತು, ಕೊನೆಗೆ ಗಂಟಲ ಕೆಳಗೆ ಎರಡು ತುದಿ ಮಾತ್ರ ಉಳೀತು. ಊರವರೆಲ್ಲ ಬಿಟ್ಟ ಮೇಲೂ ಪಾದ್ರಿ, ವಕೀಲ, ಯೂನಿವರ್ಸಿಟಿ ಮೇಷ್ಟ್ರು ಬಿಡಲಿಲ್ಲ. ಹಂಗಾಗಿ ಅದು ಅವರ ಯೂನಿಫಾರ್ಮ್ ಆಯ್ತು.

ಜರ್ಮನಿಯಲ್ಲಿ ಇದಕ್ಕೆ ಬೆಫ್‌ಶೆನ್ ಅಂತಾರೆ, ಅಲ್ಲಿ ಇದನ್ನ ನೋಡಿ ಪಾದ್ರಿ ಯಾವ ಪ್ರೊಟೆಸ್ಟಂಟ್ ಪಂಗಡದೋರು ಅಂತ ಓದೋಕೆ ಬರುತ್ತೆ. ಎರಡು ಪಟ್ಟಿ ಪೂರ್ತಿ ಬಿಡಿಯಾಗಿದ್ರೆ ಲೂಥರನ್, ಎರಡನ್ನೂ ಸೇರಿಸಿ ಹೊಲಿದಿದ್ರೆ ರಿಫಾರ್ಮ್ಡ್, ಮೇಲರ್ಧ ಹೊಲಿದು ಕೆಳಗೆ ಬಿಟ್ಟಿದ್ರೆ ಇಬ್ಬರೂ ಸೇರಿಕೊಂಡ ಯುನೈಟೆಡ್ ಚರ್ಚು. ಧರ್ಮಶಾಸ್ತ್ರದ ರಾಜಿಯನ್ನ ದರ್ಜಿ ಅರ್ಧ ಹೊಲಿಗೆಯಲ್ಲಿ ತೋರಿಸಿದಾನೆ, ನನಗಂತೂ ಈ ಇಡೀ ವಿಷಯದಲ್ಲಿ ಇದೇ ಭಾರಿ ಇಷ್ಟ. ಸ್ವೀಡನ್ನಿನವರು ಇಷ್ಟೆಲ್ಲ ತಲೆ ಕೆಡಿಸಿಕೊಂಡಿಲ್ಲ, ಎರಡು ಪಟ್ಟಿ ಪಕ್ಕಪಕ್ಕ ನಿಂತ್ರೆ 11 ಅಂತ ಬರೆದಂಗೆ ಕಾಣುತ್ತಲ್ಲ, ಅದಕ್ಕೆ ಎಲ್ವಾ ಅಂತ ಹೆಸರಿಟ್ಟಿದಾರೆ. ಎಲ್ವಾ ಅಂದ್ರೆ ಹನ್ನೊಂದು.

## ರಬಾ: ಒಂದು ಪದ, ಮೂರು ಬಟ್ಟೆ

ಗೊಂದಲ ಜಾಸ್ತಿ ಇರೋದು ಇಲ್ಲಿ. ಫ್ರೆಂಚಲ್ಲಿ ರಬಾತ್ರ್ ಅಂದ್ರೆ ಕೆಳಕ್ಕೆ ಮಡಚೋದು, ಅದರಿಂದ ರಬಾ, ಮಡಚಿ ಇಳಿಬಿಟ್ಟಿದ್ದು. ಮೊದಲಿಗೆ ಮಡಚಿದ ಕಾಲರ್ ಅಂತ ಅಷ್ಟೇ ಇತ್ತು. ಈಗ ಫ್ರಾನ್ಸಿನ ವಕೀಲರು ಹಾಕೋ ನೆರಿಗೆಯ ಬಿಳಿ ಪಟ್ಟಿ ರಬಾ. ಹಿಂದೆ ಫ್ರೆಂಚ್ ಪಾದ್ರಿಗಳು ಹಾಕ್ತಿದ್ದ ಬಿಳಿ ಅಂಚಿನ ಕರಿ ಪಟ್ಟಿಗಳ ಜೋಡಿಯೂ ರಬಾ. ಲಾ ಸಾಲ್ ಬ್ರದರ್ಸ್ ಅನ್ನೋ ಶಿಕ್ಷಕ ಸಂಘದವರ ಬಿಳಿ ಜೋಡಿ ಪಟ್ಟಿಯೂ ಅದೇ ಹೆಸರಿಂದು, ಅದನ್ನ ಇದೇ ಗುಂಪಿಗೆ ಸೇರಿಸಿಕೊಳ್ಳಿ.

ಇಂಗ್ಲಿಷ್ ಮಾತಾಡೋ ಪಾದ್ರಿಗಳ ಬಾಯಲ್ಲಿ ರಬಾಟ್ ಅಂದ್ರೆ ಪೂರಾ ಬೇರೆ. ತೋಳಿಲ್ಲದ ಕರಿ ಎದೆಬಟ್ಟೆ, ಬೆನ್ನು ಕೂಡ ಇರಲ್ಲ ಎಷ್ಟೋ ಸಲ, ಮಾಮೂಲಿ ಶರ್ಟಿನ ಮೇಲೆ ಇದನ್ನ ಕಟ್ಟಿ ಮೇಲೆ ಕೋಟು ಹಾಕಿದ್ರೆ ಒಳಗೆ ಪಾದ್ರಿ ಅಂಗಿನೇ ಇದೆ ಅನ್ನಿಸುತ್ತೆ. ಈ ಪದವನ್ನ ಫ್ರೆಂಚ್ ಥರ ಹೇಳೋಕೆ ಹೋಗಿ ನಾಲಿಗೆ ಹೊರಳಿ ಕೆಲವರ ಬಾಯಲ್ಲಿ ರ‍್ಯಾಬಿ ಅಂತಾಗಿದೆ, ಯಹೂದಿ ಗುರುಗಳಿಗೆ ಹೇಳೋ ರಬ್ಬಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೊರಾಕೊದ ರಾಜಧಾನಿ ರಬಾತ್ ಕೂಡ ಬೇರೆ, ಅದು ಕೋಟೆ ಕಟ್ಟಿದ ನೆಲೆ ಅನ್ನೋ ಅರ್ಥದ ಅರಬ್ಬಿ ಪದ. ಅನುವಾದ ಮಾಡುವಾಗ ರಬಾ ಅಂತ ಕಂಡ್ರೆ ಮೊದಲು ಕೇಳಬೇಕಾದ ಪ್ರಶ್ನೆ, ಬರೆದೋನು ಯಾವ ದೇಶದೋನು ಅಂತ.

## ಬೀಸೋಕಲ್ಲು, ಹೂವು, ಹಕ್ಕಿ

ಹಳೇ ಯುರೋಪಿಯನ್ ಚಿತ್ರಗಳಲ್ಲಿ ತಲೆಯನ್ನ ತಟ್ಟೇಲಿ ಇಟ್ಟಂಗೆ ಕಾಣೋ ದೊಡ್ಡ ನೆರಿಗೆ ಕಾಲರ್ ಇರುತ್ತಲ್ಲ, ಅದು ರಫ್. ಗಂಜಿ ಇಲ್ದೆ ಅದು ನಿಲ್ಲಲ್ಲ, 1560ರ ದಶಕದಲ್ಲಿ ಬಟ್ಟೆಗೆ ಗಂಜಿ ಹಾಕೋ ಕಸುಬು ನೆದರ್ಲೆಂಡ್ಸ್ ಕಡೆಯಿಂದ ಇಂಗ್ಲೆಂಡಿಗೆ ಬಂದ ಮೇಲೇ ಅಲ್ಲಿ ರಫ್ಫಿನ ಗಾತ್ರ ಏರಿದ್ದು. ಒದ್ದೆ ಬಟ್ಟೆಗೆ ಗಂಜಿ ಹಿಡಿಸಿ, ಕಾದ ಸಲಾಕೆ ತೂರಿಸಿ ಒಂದೊಂದೇ ನೆರಿಗೆ ಕೊಳವೆ ಥರ ನಿಲ್ಲಿಸಬೇಕು. ಡೆನ್ಮಾರ್ಕಿನವರು ಅದಕ್ಕೇ ಪೀಬೆಕ್ರಾವೆ ಅಂತಾರೆ, ಕೊಳವೆ ಕಾಲರ್. ಜರ್ಮನಿಯಲ್ಲಿ ಇದಕ್ಕೆ ಬೀಸೋಕಲ್ಲಿನ ಕಾಲರ್ ಅಂತ ಹೆಸರು, ಆಕಾರ ನೋಡಿದ್ರೆ ಗೊತ್ತಾಗುತ್ತೆ, ನಡುವೆ ತೂತಿರೋ ದಪ್ಪ ಬಿಲ್ಲೆ.

ಶ್ರೀಮಂತರು ಇದನ್ನ ಬಿಟ್ಟು 400 ವರ್ಷ ಆಗ್ತಾ ಬಂತು. ಡೆನ್ಮಾರ್ಕಿನ ಲೂಥರನ್ ಪಾದ್ರಿಗಳು ಮಾತ್ರ ಇವತ್ತಿಗೂ ಹಾಕ್ತಾರೆ, ಜರ್ಮನಿಯ ಹಾಂಬುರ್ಗ್, ಲ್ಯೂಬೆಕ್ ಥರದ ಹಳೇ ವ್ಯಾಪಾರಿ ಪಟ್ಟಣಗಳಲ್ಲೂ ಉಳಿದಿದೆ. ನಾರ್ವೆಯಲ್ಲಿ 1980ರಲ್ಲಿ ಬಿಟ್ರು.

ಆದ್ರೆ ಆ ದೇಶಗಳ ಭಾಷೆ ಬಿಟ್ಟಿಲ್ಲ. ಸ್ವೀಡಿಷಲ್ಲಿ ಪ್ರೆಸ್ಟ್‌ಕ್ರಾಗೆ, ನಾರ್ವೇಜಿಯನ್ನಲ್ಲಿ ಪ್ರೆಸ್ಟೆಕ್ರಾಗೆ, ಎರಡೂ ಪದಶಃ ಪಾದ್ರಿ ಕಾಲರ್, ಆದ್ರೆ ಅದೊಂದು ಹೂವು. ಹೊಲದ ಬದುವಲ್ಲಿ ಬೆಳೆಯೋ ಡೈಸಿ, ನಡುವೆ ಹಳದಿ ಬೊಟ್ಟು, ಸುತ್ತ ಬಿಳಿ ಎಸಳು, ನಮ್ಮ ಸೇವಂತಿಗೆಯ ದೂರದ ಬಂಧು. ರಫ್ ಹಾಕಿದ ಪಾದ್ರಿಯನ್ನ ಮೇಲಿಂದ ನೋಡಿದ್ರೆ ಹಂಗೇ ಕಾಣ್ತಾರೇನೋ. ಡೇನಿಷಲ್ಲಿ ಅದೇ ಪದ ಪ್ರೆಸ್ಟೆಕ್ರಾವೆ ಅಂತ ಇದೆ, ಅದು ಹೂವಲ್ಲ, ಹಕ್ಕಿ! ಕಡಲ ದಡದಲ್ಲಿ ಪುಟುಪುಟು ಓಡೋ ಪ್ಲೋವರ್, ಕತ್ತಿನ ಸುತ್ತ ಬಿಳಿ ಪಟ್ಟಿ ಇರುತ್ತೆ.

## ಕಾಲರ್ ಅಲ್ಲ, ಆದ್ರೂ ಕೊರಳದ್ದೇ

ಬಾಲ್ಕನಿ ಕಥೆಗೆ ವಾಪಸ್ ಬರೋಣ. ಕೆಂಪು ಗಿಡ್ಡ ಮೇಲಂಗಿ ಮೊಜೆಟ್ಟಾ, ಅದು ಹೆಗಲಿಂದು, ಅದನ್ನ ಇಲ್ಲಿ ಬಿಡ್ತೀನಿ. ಕೊರಳಿಂದ ಇಳಿಬಿದ್ದ ಉದ್ದ ಪಟ್ಟಿ ಸ್ಟೋಲ್. ಇದನ್ನ ಎಲ್ಲ ಹೊತ್ತಲ್ಲೂ ಹಾಕಲ್ಲ, ಪೂಜೆ, ಪಾಪನಿವೇದನೆ, ಆಶೀರ್ವಾದ ಹೀಗೆ ಪಾದ್ರಿಯಾಗಿ ಕೆಲಸ ಮಾಡುವಾಗ ಮಾತ್ರ. ಫ್ರಾನ್ಸಿಸ್ ಆಶೀರ್ವಾದಕ್ಕೆ ಅಂತ ಹಾಕ್ಕೊಂಡು ತೆಗೆದಿದ್ದು ಅದಕ್ಕೇ.

ಗ್ರೀಕಿನಲ್ಲಿ ಸ್ಟೊಲೆ ಅಂದ್ರೆ ಉಡುಪು ಅಂತ ಅಷ್ಟೇ. ರೋಮಿನಲ್ಲಿ ಸ್ಟೋಲಾ ಅಂದ್ರೆ ಮದುವೆಯಾದ ಗೌರವಸ್ಥ ಹೆಂಗಸರು ಉಡ್ತಿದ್ದ ಉದ್ದ ನಿಲುವಂಗಿ. ಪಾದ್ರಿಯ ಈ ಪಟ್ಟಿಗೆ ಮೊದಲಿದ್ದ ಹೆಸರು ಓರಾರಿಯಮ್, ಬಾಯಿ ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು, ಮುಖ ಒರೆಸೋ ಬಟ್ಟೆ, ಸೀದಾ ಹೇಳಬೇಕಂದ್ರೆ ಟವೆಲ್ಲು. ಆಮೇಲೆ ಪಶ್ಚಿಮದಲ್ಲಿ ಸ್ಟೋಲ್ ಅನ್ನೋ ಹೆಸರು ಗೆದ್ದುಬಿಡ್ತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನವರು) ಹೆಗಲ ಮೇಲೆ ಹಾಕೋ ಪಟ್ಟಿಗೆ ಇವತ್ತಿಗೂ ಓರಾರಿಯೊನ್ ಅಂತಾರೆ, ಪಾದ್ರಿಯದ್ದಕ್ಕೆ ಎಪಿಟ್ರಖೀಲಿಯೊನ್, ಎಪಿ ಅಂದ್ರೆ ಮೇಲೆ, ಟ್ರಖೀಲೊಸ್ ಅಂದ್ರೆ ಕತ್ತು, ಮತ್ತೆ ಅದೇ, ಕತ್ತಿನ ಮೇಲಿಂದು. ಮದುವೆ, ನಾಮಕರಣ, ಶವಸಂಸ್ಕಾರಕ್ಕೆ ಜನ ಪಾದ್ರಿಗೆ ಕೊಡ್ತಿದ್ದ ಹಣಕ್ಕೆ ಯುರೋಪಲ್ಲಿ ಸ್ಟೋಲ್ ಫೀ ಅಂತಿದ್ರು, ಸ್ಟೋಲ್ ಕೊರಳಿಗೆ ಬಿತ್ತು ಅಂದ್ರೆ ಮೀಟರ್ ಆನ್ ಅಂತ.

ನಿಲುವಂಗಿ ಕೆಳಗೆ ಕತ್ತಿಗೆ ಸುತ್ತೋ ಬಿಳಿ ಚೌಕ ಬಟ್ಟೆಗೆ ಅಮಿಸ್, ಸುತ್ತೋದು ಅನ್ನೋ ಲ್ಯಾಟಿನ್ ಪದದಿಂದ. ಅದನ್ನ ಹಾಕುವಾಗ ಹೇಳೋ ಪ್ರಾರ್ಥನೆಯಲ್ಲಿ ಅದಕ್ಕೆ ರಕ್ಷಣೆಯ ಶಿರಸ್ತ್ರಾಣ ಅಂತ ಬರುತ್ತೆ, ಕತ್ತಿನ ಬಟ್ಟೆಗೆ ಯಾಕಪ್ಪಾ ಹೆಲ್ಮೆಟ್ ಅಂದ್ರೆ, ಹಾಕುವಾಗ ಮೊದಲು ತಲೆ ಮುಟ್ಟಿಸಿ ಆಮೇಲೆ ಕತ್ತಿಗೆ ಇಳಿಸ್ತಾರೆ.

ಇನ್ನೊಂದು ಪಾಲಿಯಮ್. ಬಿಳಿ ಉಣ್ಣೆಯ ಬಳೆ, ಆರು ಕರಿ ಶಿಲುಬೆ, ಮುಖ್ಯವಾಗಿ ಪೋಪ್ ಮತ್ತು ಒಂದು ಪ್ರಾಂತ್ಯಕ್ಕೆ ಹಿರಿಯರಾದ ಮೆಟ್ರೊಪಾಲಿಟನ್ ಆರ್ಚ್‌ಬಿಷಪ್ಪರಿಗೆ. ಜನವರಿ 21, ಸಂತ ಆಗ್ನೆಸ್ ಹಬ್ಬದ ದಿನ ಈ ಉಣ್ಣೆಗೆ ಅಂತ ಕುರಿಮರಿಗಳನ್ನ ಆಶೀರ್ವಾದ ಮಾಡೋ ಪದ್ಧತಿ, ಜೂನ್ 29ಕ್ಕೆ ಪಾಲಿಯಮ್‌ಗಳ ಆಶೀರ್ವಾದ. ಲ್ಯಾಟಿನ್ನಲ್ಲಿ ಪಾಲಿಯಮ್ ಅಂದ್ರೆ ಹೊದಿಯೋ ಬಟ್ಟೆ. ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಅಂತಾರಲ್ಲ, ಗುಣ ಆಗದ ಕಾಯಿಲೆಯ ನೋವಿಗೆ ಹೊದಿಕೆ ಹೊದಿಸೋದು, ಅದೇ ಪದ.

## ಹಾಗಾದ್ರೆ ಬಿಳಿ ಅಂದ್ರೆ ಪವಿತ್ರ ಅನ್ನೋದೆಲ್ಲ?

ಬಿಳಿ ಪಟ್ಟಿ ಶುದ್ಧತೆಯ ಗುರುತು, ಗಂಟಲ ಹತ್ರ ಇರೋದು ದೇವರ ವಾಕ್ಯ ಸಾರೋದಕ್ಕೆ, ಬಳೆ ಆಕಾರ ದೇವರ ಸೇವಕ ಅನ್ನೋದಕ್ಕೆ, ಎರಡು ಬ್ಯಾಂಡು ಮೋಶೆಯ ಎರಡು ಕಲ್ಲಿನ ಹಲಗೆ ಅಥವಾ ಹಳೇ ಒಡಂಬಡಿಕೆ ಹೊಸ ಒಡಂಬಡಿಕೆ, ಹೀಗೆ ಅರ್ಥ ಹೇಳ್ತಾರೆ. ನಂಬಿ ಹಾಕೋರಿಗೆ ಅದು ನಿಜವಾದ ಅರ್ಥವೇ, ಅದನ್ನ ತೆಗೆದುಹಾಕೋ ಅಗತ್ಯ ಇಲ್ಲ. ಆದ್ರೆ ಯಾವುದು ಮೊದಲು ಬಂತು ಅಂತ ಕೇಳಿದ್ರೆ ಬಟ್ಟೆ ಮೊದಲು, ಅರ್ಥ ಆಮೇಲೆ. ಹೆಸರುಗಳು ಹುಟ್ಟಿದ್ದು ದರ್ಜಿ ಅಂಗಡೀಲಿ ಮತ್ತು ಒಗೆಯೋ ಕಲ್ಲಿನ ಹತ್ರ, ಅದಕ್ಕೇ ಅವು ಮಡಚು, ಸುತ್ತು, ಬಿಗಿ, ಕತ್ತು ಅಂತಲೇ ಮಾತಾಡ್ತವೆ.

ಆಮೇಲೆ ಬಂದ ಅರ್ಥ ಎಷ್ಟು ಗಟ್ಟಿ ಅನ್ನೋದಕ್ಕೆ ಒಂದು ಘಟನೆ. 2007ರ ಡಿಸೆಂಬರಲ್ಲಿ ಯಾರ್ಕಿನ ಆರ್ಚ್‌ಬಿಷಪ್ ಜಾನ್ ಸೆಂಟಾಮು ಬಿಬಿಸಿಯ ಆಂಡ್ರೂ ಮಾರ್ ಶೋನಲ್ಲಿ ಕೂತಿದ್ರು, ಲೈವ್. ಆಗ ಜಿಂಬಾಬ್ವೆಯ ಅಧ್ಯಕ್ಷನಾಗಿದ್ದ ರಾಬರ್ಟ್ ಮುಗಾಬೆ ಬಗ್ಗೆ ಮಾತಾಡ್ತಾ ತಮ್ಮ ಕೊರಳಿನ ಬಿಳಿ ಪಟ್ಟಿ ಎಳೆದು ತೆಗೆದು, ಕತ್ತರಿ ಹಿಡಿದು, ಕಚಕಚ ಅಂತ ತುಂಡು ಮಾಡಿ ಮೇಜಿನ ಮೇಲೆ ಹಾಕಿದ್ರು. ಇದು ನಾನು ಯಾರು ಅಂತ ಹೇಳೋ ಗುರುತು, ಮುಗಾಬೆ ಅಲ್ಲಿನ ಜನರ ಗುರುತನ್ನ ಹೀಗೆ ಕತ್ತರಿಸಿದಾನೆ, ಅವನು ಹೋಗೋವರೆಗೂ ಕಾಲರ್ ಹಾಕಲ್ಲ ಅಂದ್ರು. ಹತ್ತು ವರ್ಷ ಹಾಕಲಿಲ್ಲ. 2017ರ ನವೆಂಬರಲ್ಲಿ ಮುಗಾಬೆ ರಾಜೀನಾಮೆ ಕೊಟ್ಟ ಮೇಲೆ ಅದೇ ಶೋಗೆ ಬಂದ್ರು, ಮಾರ್ ಆ ಹಳೇ ತುಂಡುಗಳನ್ನ ಎತ್ತಿಟ್ಟಿದ್ರು. ಇದನ್ನ ಸೂಪರ್‌ಗ್ಲೂ ಹಾಕಿ ಅಂಟಿಸಬಹುದು, ಆದ್ರೆ ಕಾಲರ್ ಚೆನ್ನಾಗಿರಲ್ಲ, ಜಿಂಬಾಬ್ವೆಯನ್ನೂ ಹಾಗೆ ತೇಪೆ ಹಾಕೋಕಾಗಲ್ಲ ಅನ್ನೋ ಅರ್ಥದಲ್ಲಿ ಹೇಳಿ, ಹೊಸದೊಂದು ಪಟ್ಟಿ ತೆಗೆದು ಕೊರಳಿಗೆ ಹಾಕ್ಕೊಂಡ್ರು.